ಬಿಷಪ್ ಒಬ್ಬರಾದರು, ಆರ್ಚ್‌ಡೀಕನ್‌ಗಳ ಕತೆಯೇನು? ಐರ್ಲೆಂಡಿನ ಒಂದು ಹಳೆಯ ಹುದ್ದೆಯ ಮುಂದಿನ ದಾರಿ

2022ರ ಏಪ್ರಿಲ್‌ನಲ್ಲಿ ಐರ್ಲೆಂಡಿನ ಪಶ್ಚಿಮ ಭಾಗದ ಎರಡು ಆಂಗ್ಲಿಕನ್ ಧರ್ಮಪ್ರಾಂತ್ಯಗಳು ಒಬ್ಬರೇ ಬಿಷಪ್ಪರ ಕೈಗೆ ಬಂದವು. ಟೂಅಮ್ ಒಂದು ಕಡೆ, ಲಿಮರಿಕ್ ಮತ್ತು ಕಿಲ್ಲಲೂ ಇನ್ನೊಂದು ಕಡೆ. ಹಿಂದಿನ ವರ್ಷ ಎರಡೂ ಕಡೆಯ ಬಿಷಪ್ಪರು ನಿವೃತ್ತರಾಗಿದ್ದರು. ಅಲ್ಲಿಯವರೆಗೆ ಕ್ಯಾಶೆಲ್ ಪ್ರಾಂತ್ಯದಲ್ಲಿದ್ದ ಮೈಕೆಲ್ ಬರೋಸ್ ಹೊಸ ಸಂಯುಕ್ತ ಪ್ರಾಂತ್ಯಕ್ಕೆ ಬಂದರು. ಇದರೊಂದಿಗೆ ಅಲ್ಲಿನ ಆಂಗ್ಲಿಕನ್ ಚರ್ಚ್ ಆದ ಚರ್ಚ್ ಆಫ್ ಐರ್ಲೆಂಡಿನ ಬಿಷಪ್ಪರ ಸಂಖ್ಯೆ ಹನ್ನೆರಡರಿಂದ ಹನ್ನೊಂದಕ್ಕೆ ಇಳಿಯಿತು. ಈ ಒಂದು ಪ್ರಾಂತ್ಯದೊಳಗೆ ಈಗ ಮಧ್ಯಯುಗದ ಹನ್ನೊಂದು ಧರ್ಮಪ್ರಾಂತ್ಯಗಳ ಹೆಸರುಗಳಿವೆ. ಉತ್ತರದ ಮೇಯೋದಿಂದ ದಕ್ಷಿಣದ ಕೆರಿವರೆಗೆ ಚದುರಿದ ಚಿಕ್ಕ ಚಿಕ್ಕ ಸಭೆಗಳನ್ನು ಒಬ್ಬ ಬಿಷಪ್ ನೋಡಿಕೊಳ್ಳಬೇಕು.

ಬಿಷಪ್ಪರ ಹುದ್ದೆ ಕಡಿಮೆಯಾದಾಗ ಅದು ಸುದ್ದಿಯಾಗುತ್ತದೆ. ಅವರ ಕೆಳಗೆ ನಿಂತು ಪ್ಯಾರಿಷ್‌ಗಳ, ಅಂದರೆ ಊರುಮಟ್ಟದ ಸಭೆಗಳ ದಿನನಿತ್ಯದ ಭಾರ ಹೊರುವ ಆರ್ಚ್‌ಡೀಕನ್ ಬಗ್ಗೆ ಹೊರಗಿನವರು ಅಷ್ಟಾಗಿ ಕೇಳುವುದಿಲ್ಲ. ಆದರೆ ಪ್ರಾಂತ್ಯ ದೊಡ್ಡದಾದಷ್ಟೂ ಬಿಷಪ್ ಪ್ಯಾರಿಷ್‌ನಿಂದ ದೂರವಾಗುತ್ತಾರೆ, ಆ ದೂರವನ್ನು ತುಂಬುವ ಕೆಲಸ ಆರ್ಚ್‌ಡೀಕನ್‌ರ ಪಾಲಿಗೆ ಬರುತ್ತದೆ. ಐರ್ಲೆಂಡಿನಲ್ಲಿ ಈ ಕೆಲಸ ಮಾಡುವವರು ಬಹುಪಾಲು ತಮ್ಮದೇ ಒಂದು ಪ್ಯಾರಿಷ್‌ನ ರೆಕ್ಟರ್, ಅಂದರೆ ಮುಖ್ಯ ಪಾದ್ರಿ ಕೂಡ ಆಗಿರುತ್ತಾರೆ. ಭಾನುವಾರದ ಆರಾಧನೆ, ಮದುವೆ, ಶವಸಂಸ್ಕಾರ, ಶಾಲೆಯ ಆಡಳಿತ ಮಂಡಳಿ ಎಲ್ಲ ಮುಗಿಸಿ ಉಳಿದ ಹೊತ್ತಿನಲ್ಲಿ ಇಡೀ ಪ್ರಾಂತ್ಯದ ತೊಡಕುಗಳನ್ನು ಬಿಡಿಸಬೇಕು. ಈ ವ್ಯವಸ್ಥೆ ಹೀಗೆ ಹೆಚ್ಚು ಕಾಲ ನಡೆಯಲಾರದು. ಅದು ಈ ಸ್ಥಿತಿಗೆ ಬಂದದ್ದು ಹೇಗೆಂದು ತಿಳಿಯಲು ಎಂಟು ನೂರು ವರ್ಷ ಹಿಂದಕ್ಕೆ ಹೋಗಬೇಕು.

ನಾರ್ಮನ್ನರ ಜೊತೆ ಬಂದ ಹುದ್ದೆ

ಆರ್ಚ್‌ಡೀಕನ್ ಹುದ್ದೆ ಹುಟ್ಟಿದ್ದು ಪಾದ್ರಿಗಿಂತ ಕೆಳಗಿನ ದೀಕ್ಷೆಯ ಡೀಕನ್‌ಗಳ ಮುಖ್ಯಸ್ಥನಾಗಿ. ಬಿಷಪ್ಪರ ಹಣ, ದಾನಧರ್ಮ, ಆಸ್ತಿ ನೋಡಿಕೊಳ್ಳುವ ಆಡಳಿತಗಾರ ಆತ. ‘ಬಿಷಪ್ಪರ ಕಣ್ಣು’ ಎಂದು ಮಧ್ಯಯುಗದಲ್ಲಿ ಕರೆಯುತ್ತಿದ್ದರು. ಆತ ಪಾದ್ರಿಯಾಗಿರಲೇಬೇಕೆಂಬ ಕಡ್ಡಾಯವೂ ಆಗ ಇರಲಿಲ್ಲ. ಥಾಮಸ್ ಬೆಕೆಟ್ 1154ರಿಂದ ಕ್ಯಾಂಟರ್ಬರಿಯ ಆರ್ಚ್‌ಡೀಕನ್ ಆಗಿದ್ದರೂ ಪಾದ್ರಿಯ ದೀಕ್ಷೆ ಪಡೆದದ್ದು 1162ರಲ್ಲಿ, ಆರ್ಚ್‌ಬಿಷಪ್ ಆಗುವ ಹೊಸ್ತಿಲಲ್ಲಿ.

ಹಳೆಯ ಐರಿಷ್ ಚರ್ಚ್‌ನಲ್ಲಿ ಈ ಹುದ್ದೆಗೆ ಜಾಗವೇ ಇರಲಿಲ್ಲ. ಅಲ್ಲಿ ಅಧಿಕಾರ ಮಠಗಳದ್ದು. ಚರ್ಚ್ ಭೂಮಿಯನ್ನು ‘ಎರೆನಾ’ ಎಂಬ ವಂಶಪಾರಂಪರ್ಯ ಮನೆತನಗಳು ನೋಡಿಕೊಳ್ಳುತ್ತಿದ್ದವು. 1111ರ ರಾಥ್ ಬ್ರೆಸಲ್ ಧರ್ಮಸಭೆ ಮೊದಲ ಬಾರಿಗೆ ದೇಶವನ್ನು ಧರ್ಮಪ್ರಾಂತ್ಯಗಳಾಗಿ ವಿಂಗಡಿಸಿತು. 1152ರ ಕೆಲ್ಸ್ ಧರ್ಮಸಭೆ ಅರ್ಮಾ, ಡಬ್ಲಿನ್, ಕ್ಯಾಶೆಲ್, ಟೂಅಮ್ ಎಂಬ ನಾಲ್ಕು ಆರ್ಚ್‌ಬಿಷಪ್ ಪೀಠಗಳನ್ನು ಸ್ಥಿರಪಡಿಸಿತು. 1169ರ ನಂತರ ನಾರ್ಮನ್ನರು ಬಂದ ಮೇಲೆ ಬಿಷಪ್ಪರ ಮುಖ್ಯ ಚರ್ಚ್ ಆದ ಕ್ಯಾಥೆಡ್ರಲ್ ನಡೆಸಲು ಇಂಗ್ಲೆಂಡ್ ಮಾದರಿಯ ಪಾದ್ರಿಗಳ ಮಂಡಳಿಗಳು ಬೆಳೆದವು. ಮಂಡಳಿಯ ಮುಖ್ಯಸ್ಥ ಡೀನ್, ಸಂಗೀತ ನೋಡಿಕೊಳ್ಳುವ ಪ್ರಿಸೆಂಟರ್, ಚಾನ್ಸೆಲರ್, ಟ್ರೆಷರರ್, ಕೊನೆಗೆ ಆರ್ಚ್‌ಡೀಕನ್. ಐರಿಷ್ ಮಂಡಳಿಗಳಲ್ಲಿ ಸಾಮಾನ್ಯವಾಗಿ ಈ ಐದು ಗೌರವಸ್ಥಾನಗಳು. ಡೀನ್‌ರ ಆಳ್ವಿಕೆ ಕ್ಯಾಥೆಡ್ರಲ್ ಗೋಡೆಯೊಳಗೆ, ಆರ್ಚ್‌ಡೀಕನ್‌ರದ್ದು ಹೊರಗಿನ ಪ್ಯಾರಿಷ್‌ಗಳಲ್ಲಿ. ಸ್ಥೂಲವಾಗಿ ಈ ಗೆರೆ ಇಂದಿಗೂ ಹಾಗೇ ಇದೆ.

ಹಳೆಯ ಗಡಿ ಅಳಿದರೂ ಹುದ್ದೆ ಉಳಿಯುವ ಅಭ್ಯಾಸ ಆ ಕಾಲದಲ್ಲೇ ಶುರುವಾಯಿತು. ವಿಕ್ಲೊ ಬೆಟ್ಟಗಳ ಗ್ಲೆಂಡಲಾಕ್ ಧರ್ಮಪ್ರಾಂತ್ಯ ಡಬ್ಲಿನ್ ಜೊತೆ ಸೇರಿದ್ದಕ್ಕೆ 1216ರಲ್ಲಿ ಪೋಪ್ ಮೂರನೇ ಇನ್ನೊಸೆಂಟ್ ಮುದ್ರೆ ಒತ್ತಿದರು. ಬಿಷಪ್ಪರ ಪೀಠ ಹೋಯಿತು, ಗ್ಲೆಂಡಲಾಕ್‌ನ ಆರ್ಚ್‌ಡೀಕನ್ ಹೋಗಲಿಲ್ಲ. ಎಂಟು ಶತಮಾನಗಳ ನಂತರವೂ ಡಬ್ಲಿನ್‌ನ ಆರ್ಚ್‌ಬಿಷಪ್ಪರ ಕೆಳಗೆ ಡಬ್ಲಿನ್‌ಗೆ ಒಬ್ಬರು, ಗ್ಲೆಂಡಲಾಕ್‌ಗೆ ಒಬ್ಬರು ಇದ್ದಾರೆ.

ಅದೇ 1216ರಲ್ಲಿ ಮೀತ್ ಪ್ರಾಂತ್ಯದಲ್ಲಿ ಇನ್ನೊಂದು ಪ್ರಯೋಗ ನಡೆಯಿತು. ಬಿಷಪ್ ಸೈಮನ್ ರಾಷ್‌ಫರ್ಡ್ ಟ್ರಿಮ್ ಹತ್ತಿರದ ನ್ಯೂಟೌನ್‌ನಲ್ಲಿ ಸಭೆ ಕರೆದು, ಟ್ರಿಮ್, ಕೆಲ್ಸ್, ಸ್ಲೇನ್ ಮುಂತಾದ ಚಿಕ್ಕ ಹಳೆಯ ಪೀಠಗಳನ್ನು ರೂರಲ್ ಡೀನರಿಗಳನ್ನಾಗಿ ಬದಲಿಸಿದರು. ಪ್ಯಾರಿಷ್‌ಗಳ ಗುಂಪಿಗೊಬ್ಬ ಹಿರಿಯ ಪಾದ್ರಿ, ಆತ ನೋಡಬೇಕಾದ ಸಂಗತಿಗಳ ಒಂದು ಪಟ್ಟಿ. ಚರ್ಚ್ ಕಟ್ಟಡ, ಪಾತ್ರೆಗಳು, ಪುಸ್ತಕಗಳು ಸರಿ ಇವೆಯೇ, ಪಾದ್ರಿಯ ನಡತೆ ಹೇಗಿದೆ ಎಂಬಂಥವು. ಮೀತ್‌ಗೆ ತನ್ನದೇ ಡೀನ್ ಆಗಲಿ ಕ್ಯಾಥೆಡ್ರಲ್ ಮಂಡಳಿಯಾಗಲಿ ಇರಲಿಲ್ಲವಾದ್ದರಿಂದ ಅಲ್ಲಿ ಪಾದ್ರಿಗಳ ಮುಖ್ಯಸ್ಥ ಆರ್ಚ್‌ಡೀಕನ್ನೇ. ಈ ಹುದ್ದೆಯ ತೂಕ ಪ್ರಾಂತ್ಯದಿಂದ ಪ್ರಾಂತ್ಯಕ್ಕೆ ಎಷ್ಟು ಬೇರೆಯಾಗಿತ್ತು ಎಂಬುದಕ್ಕೆ ಮೀತ್ ಒಳ್ಳೆಯ ಉದಾಹರಣೆ.

ಸಂಬಳ ಎಲ್ಲಿಂದ ಬರುತ್ತಿತ್ತು?

ಹುದ್ದೆಯ ಇತಿಹಾಸ ಅರ್ಥವಾಗಬೇಕಾದರೆ ಹಣದ ಜಾಡು ಹಿಡಿಯಬೇಕು. ಆರ್ಚ್‌ಡೀಕನ್‌ಗೆ ಎರಡು ಆದಾಯಗಳಿದ್ದವು. ಮೊದಲನೆಯದು ತಪಾಸಣೆಗೆ ಹೋದಾಗ ಪ್ಯಾರಿಷ್ ಕೊಡಬೇಕಾದ ಆತಿಥ್ಯ. ಕಾಲಕ್ರಮೇಣ ಅದು ನಗದು ಶುಲ್ಕವಾಯಿತು. ಆತಿಥ್ಯ ಹೇಗೆ ದುರುಪಯೋಗವಾಗುತ್ತಿತ್ತು ಎಂಬುದಕ್ಕೆ 1179ರ ಮೂರನೇ ಲ್ಯಾಟರನ್ ಮಹಾಸಭೆಯ ನಿಯಮವೇ ಸಾಕ್ಷಿ. ಆರ್ಚ್‌ಡೀಕನ್ ಐದರಿಂದ ಏಳು ಕುದುರೆಗಳಿಗಿಂತ ಹೆಚ್ಚು ತರಬಾರದು, ಬೇಟೆನಾಯಿ, ಬೇಟೆಹಕ್ಕಿ ತರಬಾರದು ಎಂದು ಅದು ವಿಧಿಸಿತು. ಬಡ ಪ್ಯಾರಿಷ್ ಒಂದು ಇಂಥ ತಂಡಕ್ಕೆ ಒಂದು ರಾತ್ರಿ ಮೇವು ಊಟ ಕೊಟ್ಟರೆ ವರ್ಷದ ಉಳಿತಾಯವೇ ಕರಗುತ್ತಿತ್ತು.

ಎರಡನೆಯದು ಹುದ್ದೆಗೆ ಅಂಟಿದ ಪ್ಯಾರಿಷ್‌ಗಳು. ಅವುಗಳ ದಶಾಂಶ, ಅಂದರೆ ಜನ ಚರ್ಚ್‌ಗೆ ಕೊಡಬೇಕಾದ ಹತ್ತನೇ ಒಂದು ಪಾಲು, ಆರ್ಚ್‌ಡೀಕನ್‌ಗೆ ಸೇರುತ್ತಿತ್ತು, ಅಲ್ಲಿನ ಆರಾಧನೆಯನ್ನು ಆತ ಕಡಿಮೆ ಸಂಬಳದ ಸಹಾಯಕ ಪಾದ್ರಿಗಳಾದ ಕ್ಯುರೇಟ್‌ಗಳಿಂದ ಮಾಡಿಸುತ್ತಿದ್ದ. ಡಬ್ಲಿನ್‌ನ ಆರ್ಚ್‌ಡೀಕನ್‌ಗೆ ಟೇನಿ, ಡಾನಿಬ್ರೂಕ್, ರಾತ್‌ಫಾರ್ನಮ್ ಹೀಗೆ ಸೇರಿದ್ದವು. ನಗರ ದಕ್ಷಿಣಕ್ಕೆ ಬೆಳೆದು ಆ ಹಳ್ಳಿಗಳು ಬಡಾವಣೆಗಳಾದಾಗಲೇ ಅವು ಸ್ವಂತ ಪಾದ್ರಿಗಳುಳ್ಳ ಪ್ಯಾರಿಷ್‌ಗಳಾದದ್ದು. ಇನ್ನು ದೂರದ ಪ್ರಾಂತ್ಯಗಳಲ್ಲಿ ಬಿರುದು ಒಂದೂರಲ್ಲಿ, ಬದುಕು ಇನ್ನೊಂದೂರಲ್ಲಿ. 18ನೆಯ ಶತಮಾನದ ಮೊದಲ ಭಾಗದಲ್ಲಿ ಅಕಾನ್ರಿಯ ಆರ್ಚ್‌ಡೀಕನ್ ಆಗಿದ್ದ ಥಾಮಸ್ ವಾಲ್ಸ್, ಲೇಖಕ ಜೋನಾಥನ್ ಸ್ವಿಫ್ಟ್‌ರ ಗೆಳೆಯ. ಅಕಾನ್ರಿ ಇರುವುದು ಪಶ್ಚಿಮದ ಸ್ಲೈಗೊ ಜಿಲ್ಲೆಯಲ್ಲಿ. ವಾಲ್ಸ್ ಇದ್ದದ್ದು ಡಬ್ಲಿನ್‌ನಲ್ಲಿ, ಸೇಂಟ್ ಪ್ಯಾಟ್ರಿಕ್ ಕ್ಯಾಥೆಡ್ರಲ್‌ನ ಶಾಲೆಯ ಮುಖ್ಯೋಪಾಧ್ಯಾಯರಾಗಿ.

ಇದರಿಂದ ಎಲ್ಲ ಆರ್ಚ್‌ಡೀಕನ್‌ಗಳೂ ಸೋಮಾರಿಗಳೆಂದು ತೀರ್ಮಾನಿಸುವುದು ತಪ್ಪು. 1590ರ ದಶಕದ ಆರಂಭದಲ್ಲಿ ಡಬ್ಲಿನ್‌ಗೆ ಒಂದು ವಿಶ್ವವಿದ್ಯಾಲಯ ಬೇಕೆಂದು ಎಲಿಜಬೆತ್ ರಾಣಿಯ ಮುಂದೆ ಮನವಿ ಇಡಲು ಹೋದವರು ಡಬ್ಲಿನ್‌ನ ಆರ್ಚ್‌ಡೀಕನ್ ಹೆನ್ರಿ ಅಷರ್. 1592ರಲ್ಲಿ ಟ್ರಿನಿಟಿ ಕಾಲೇಜು ಸ್ಥಾಪನೆಯಾಯಿತು, 1595ರಲ್ಲಿ ಅಷರ್ ಅರ್ಮಾದ ಆರ್ಚ್‌ಬಿಷಪ್ ಆದರು. ಆಡಳಿತ ಬಲ್ಲವರು ಈ ಹುದ್ದೆಯಲ್ಲಿದ್ದಾಗ ಪರಿಣಾಮ ಎಷ್ಟು ದೂರ ಹೋಗಬಲ್ಲದು ಎಂಬುದನ್ನು ಈ ಒಂದು ಪ್ರಸಂಗ ಹೇಳುತ್ತದೆ.

ಧರ್ಮಸುಧಾರಣೆಯ ನಂತರ ಐರ್ಲೆಂಡಿನಲ್ಲಿ ಒಂದೇ ಹೆಸರಿನ ಎರಡೆರಡು ಸಾಲುಗಳು ನಡೆದವು. ಸರ್ಕಾರಿ ಚರ್ಚ್ ಆಗಿದ್ದ ಚರ್ಚ್ ಆಫ್ ಐರ್ಲೆಂಡಿನ ಆರ್ಚ್‌ಡೀಕನ್ ಒಬ್ಬ, ಬಹುಸಂಖ್ಯಾತ ಕ್ಯಾಥೊಲಿಕರ ಆರ್ಚ್‌ಡೀಕನ್ ಇನ್ನೊಬ್ಬ. ಕ್ಯಾಥೊಲಿಕ್ ಕಡೆ ಟ್ರೆಂಟ್ ಮಹಾಸಭೆ 16ನೆಯ ಶತಮಾನದಲ್ಲೇ ಮದುವೆ ಮತ್ತು ಅಪರಾಧ ವಿಚಾರಣೆಯ ಅಧಿಕಾರವನ್ನು ಅವರಿಂದ ಕಿತ್ತುಕೊಂಡದ್ದರಿಂದ ಅಲ್ಲಿ ಅದು ಗೌರವದ ಬಿರುದಾಗಿ ಉಳಿಯಿತು.

1833 ಮತ್ತು 1869: ಎರಡು ಕಾಯ್ದೆಗಳು

1830ರ ದಶಕದ ಐರ್ಲೆಂಡಿನಲ್ಲಿ ಕ್ಯಾಥೊಲಿಕ್ ರೈತರು ತಮ್ಮದಲ್ಲದ ಚರ್ಚ್‌ಗೆ ದಶಾಂಶ ಕೊಡಲು ನಿರಾಕರಿಸಿ ಹೋರಾಡುತ್ತಿದ್ದರು. ಆ ಒತ್ತಡದಲ್ಲಿ 1833ರಲ್ಲಿ ಬ್ರಿಟಿಷ್ ಸಂಸತ್ತು ಒಂದು ಕಾಯ್ದೆ ತಂದಿತು. ನಾಲ್ಕು ಆರ್ಚ್‌ಬಿಷಪ್ ಪೀಠ ಎರಡಾದವು, ಹದಿನೆಂಟು ಬಿಷಪ್ ಪೀಠ ಹತ್ತಾದವು. ಇದು ಒಂದೇ ದಿನ ಆದದ್ದಲ್ಲ. ಪೀಠ ಖಾಲಿಯಾದಂತೆಲ್ಲ ನೆರೆಯದಕ್ಕೆ ಸೇರಿಸುತ್ತ ಹೋದರು. 1834ರಲ್ಲಿ ರಫೋ ಡೆರಿಗೆ, 1835ರಲ್ಲಿ ಕ್ಲಾಯ್ನ್ ಕಾರ್ಕ್‌ಗೆ, 1841ರಲ್ಲಿ ಎಲ್ಫಿನ್ ಕಿಲ್‌ಮೋರ್‌ಗೆ, 1846ರಲ್ಲಿ ಕಿಲ್ಡೇರ್ ಡಬ್ಲಿನ್‌ಗೆ.

ನಮ್ಮ ವಿಷಯಕ್ಕೆ ಮುಖ್ಯವಾದದ್ದು ಆ ಕಾಯ್ದೆ ಮುಟ್ಟದೆ ಬಿಟ್ಟ ಭಾಗ. ಬಿಷಪ್ಪರ ಪೀಠಗಳು ಸೇರಿದವು, ಕ್ಯಾಥೆಡ್ರಲ್ ಮಂಡಳಿಗಳು ಸೇರಲಿಲ್ಲ. ಹಾಗಾಗಿ ಕಾರ್ಕ್, ಕ್ಲಾಯ್ನ್, ರಾಸ್ ಮೂರಕ್ಕೂ ಒಬ್ಬ ಬಿಷಪ್, ಮೂವರು ಆರ್ಚ್‌ಡೀಕನ್‌ಗಳು. ಇಂದು ‘ಯಾಕಿಷ್ಟು ಹೆಸರುಗಳು’ ಎಂದು ಯಾರಾದರೂ ಕೇಳಿದರೆ ಉತ್ತರ ಬಹುಮಟ್ಟಿಗೆ ಇಲ್ಲಿದೆ. ಕಟ್ಟಡವೇ ಹೋದ ಮೇಲೂ ಹೆಸರು ಉಳಿದ ಉದಾಹರಣೆಯಿದೆ. ಎಲ್ಫಿನ್ ಕ್ಯಾಥೆಡ್ರಲ್ 1957ರ ಬಿರುಗಾಳಿಯಲ್ಲಿ ಹಾಳಾಯಿತು, 1961ರಲ್ಲಿ ಪೀಠ ಸ್ಲೈಗೊಗೆ ಹೋಯಿತು. ‘ಎಲ್ಫಿನ್ ಮತ್ತು ಆರ್ಡಾ ಆರ್ಚ್‌ಡೀಕನ್’ ಎಂಬ ಬಿರುದು ಆಮೇಲೂ ಮುಂದುವರಿಯಿತು.

1861ರ ಜನಗಣತಿಯಲ್ಲಿ ದೇಶದ ಸುಮಾರು 58 ಲಕ್ಷ ಜನರಲ್ಲಿ ಈ ಚರ್ಚ್‌ನವರು 6.93 ಲಕ್ಷ, ಅಂದರೆ ನೂರಕ್ಕೆ ಹನ್ನೆರಡು ಮಂದಿ. ಇಷ್ಟು ಚಿಕ್ಕ ಚರ್ಚ್ ಸರ್ಕಾರಿ ಚರ್ಚ್ ಆಗಿರುವುದನ್ನು ಸಮರ್ಥಿಸುವುದು ಅಸಾಧ್ಯವಾಯಿತು. ಬ್ರಿಟಿಷ್ ಪ್ರಧಾನಿ ಗ್ಲಾಡ್‌ಸ್ಟನ್ 1869ರಲ್ಲಿ ಐರಿಷ್ ಚರ್ಚ್ ಕಾಯ್ದೆ ತಂದು, 1871ರ ಜನವರಿ 1ರಿಂದ ಚರ್ಚ್ ಮತ್ತು ಸರ್ಕಾರದ ಕೊಂಡಿ ಕಳಚಿದರು. ಆ ಮಸೂದೆ ಸಿದ್ಧವಾಗುವಾಗ ಅವರಿಗೆ ಒಳಗಿನ ವಿವರ ಕೊಟ್ಟು ಸಲಹೆ ನೀಡಿದವರಲ್ಲಿ ಮೀತ್‌ನ ಆರ್ಚ್‌ಡೀಕನ್ ಎಡ್ವರ್ಡ್ ಸ್ಟಾಪ್‌ಫರ್ಡ್ ಒಬ್ಬರು. ಯಾವ ಪ್ಯಾರಿಷ್‌ಗೆ ಎಷ್ಟು ಭೂಮಿ, ಪಾದ್ರಿಮನೆಯ ಸಾಲ ಯಾರ ತಲೆಯ ಮೇಲೆ, ಕ್ಯುರೇಟ್‌ಗೆ ಪರಿಹಾರ ಹೇಗೆ ಲೆಕ್ಕ ಹಾಕಬೇಕು ಎಂಬುದನ್ನು ತಳಮಟ್ಟದಲ್ಲಿ ಕಂಡಿದ್ದವರು ಆರ್ಚ್‌ಡೀಕನ್‌ಗಳೇ. ತಮ್ಮ ಸಂಸ್ಥೆ ಸರ್ಕಾರಿ ಸ್ಥಾನ ಕಳೆದುಕೊಳ್ಳುವುದು ಖಚಿತವಾದಾಗ ಅದು ಕನಿಷ್ಠ ನ್ಯಾಯವಾಗಿ ನಡೆಯಲಿ ಎಂದು ಕೈಜೋಡಿಸಿದ ಸ್ಟಾಪ್‌ಫರ್ಡ್‌ರ ನಡೆಯನ್ನು ನಾನು ಧೈರ್ಯದ ನಡೆಯೆಂದೇ ಎಣಿಸುತ್ತೇನೆ. ಅವರ ಮಗಳು, ಇತಿಹಾಸಕಾರ್ತಿ ಆಲಿಸ್ ಸ್ಟಾಪ್‌ಫರ್ಡ್ ಗ್ರೀನ್, 1922ರಲ್ಲಿ ಸ್ವತಂತ್ರ ಐರಿಷ್ ರಾಜ್ಯದ ಸೆನೆಟ್‌ಗೆ ಸದಸ್ಯೆಯಾದರು.

ಕಾಯ್ದೆಯ ನಂತರ ಕ್ಯಾಥೆಡ್ರಲ್ ಮಂಡಳಿ, ಬಿಷಪ್ ಪೀಠಗಳ ಕಾನೂನುಬದ್ಧ ನಿಗಮಗಳು ರದ್ದಾದವು. ಚರ್ಚ್ ನ್ಯಾಯಾಲಯಗಳಿಗೆ ಸರ್ಕಾರಿ ಬಲ ಹೋಯಿತು. ಚರ್ಚ್ ನಿಯಮಗಳು ಸದಸ್ಯರ ನಡುವಿನ ಒಪ್ಪಂದದಂತೆ ಮಾತ್ರ ಜಾರಿಯಲ್ಲಿ ಉಳಿದವು. ಆಸ್ತಿ ನೋಡಿಕೊಳ್ಳಲು 1870ರಲ್ಲಿ ಪ್ರತಿನಿಧಿ ಮಂಡಳಿಯೊಂದು ರಚನೆಯಾಯಿತು, ನಿಯಮ ಮಾಡುವ ಅಧಿಕಾರ ಚರ್ಚ್‌ನ ಮಹಾಸಭೆಯಾದ ಜನರಲ್ ಸಿನೊಡ್‌ಗೆ ಬಂತು. ಅದರಲ್ಲಿ ಪಾದ್ರಿ ಪ್ರತಿನಿಧಿಗಳ ಎರಡರಷ್ಟು ಸಾಮಾನ್ಯ ಸದಸ್ಯರು. ಆರ್ಚ್‌ಡೀಕನ್‌ನ ಹಳೆಯ ಬಲಗಳಾದ ನ್ಯಾಯಾಲಯ, ದಶಾಂಶ, ಶುಲ್ಕ ಮೂರೂ ಹೋದವು. ಬಿಷಪ್ಪರ ವಿಶ್ವಾಸವೊಂದೇ ಅಧಿಕಾರದ ಆಧಾರವಾಗಿ ಉಳಿಯಿತು.

ಇಂದಿನ ಕೆಲಸ

ಇಂಗ್ಲೆಂಡಿನ ಓದುಗರು ಐರಿಷ್ ಆರ್ಚ್‌ಡೀಕನ್ ಎಂದರೆ ತಮ್ಮವರಂತೆಯೇ ಎಂದುಕೊಳ್ಳುತ್ತಾರೆ. ಅಂತರ ದೊಡ್ಡದು. ಇಂಗ್ಲೆಂಡಿನಲ್ಲಿ ನೂರಕ್ಕೂ ಹೆಚ್ಚು ಆರ್ಚ್‌ಡೀಕನ್‌ಗಳಿದ್ದಾರೆ, ಬಹುತೇಕ ಪೂರ್ಣಾವಧಿ ಹುದ್ದೆ. ಪ್ಯಾರಿಷ್‌ನ ಸಾಮಾನ್ಯ ಸದಸ್ಯರಿಂದ ಆರಿಸಿದ ಮೇಲ್ವಿಚಾರಕರಾದ ಚರ್ಚ್‌ವಾರ್ಡನ್‌ಗಳನ್ನು ಅಧಿಕಾರಕ್ಕೆ ಸೇರಿಸಿಕೊಳ್ಳುವುದು, ಕಟ್ಟಡ ಬದಲಾವಣೆಯ ಅನುಮತಿ ಪ್ರಕ್ರಿಯೆಯಲ್ಲಿ ಪಾಲ್ಗೊಳ್ಳುವುದು ಕಾನೂನಿನಲ್ಲೇ ಬರೆದಿದೆ. ಐರ್ಲೆಂಡಿನಲ್ಲಿ ಚರ್ಚ್‌ವಾರ್ಡನ್‌ಗಳ ನೇಮಕ ಈಸ್ಟರ್ ಸುಮಾರಿಗೆ ನಡೆಯುವ ಪ್ಯಾರಿಷ್ ಸಭೆಯಲ್ಲೇ ಮುಗಿಯುತ್ತದೆ. ಅಲ್ಲೇ ಪ್ಯಾರಿಷ್ ಸಮಿತಿಯಾದ ಸೆಲೆಕ್ಟ್ ವೆಸ್ಟ್ರಿಗೆ ಹನ್ನೆರಡು ಮಂದಿಯವರೆಗೆ ಆಯ್ಕೆಯಾಗುತ್ತಾರೆ. ರೆಕ್ಟರ್, ಇಬ್ಬರು ಚರ್ಚ್‌ವಾರ್ಡನ್, ಪಾದ್ರಿಮನೆ ಮತ್ತು ಜಮೀನು ನೋಡಿಕೊಳ್ಳುವ ಇಬ್ಬರು ಗ್ಲೀಬ್‌ವಾರ್ಡನ್ ಜೊತೆಗೂಡಿ ಪ್ಯಾರಿಷ್ ಹಣ ನೋಡುತ್ತಾರೆ.

ಹಾಗಾದರೆ ಆರ್ಚ್‌ಡೀಕನ್ ಏನು ಮಾಡುತ್ತಾರೆ? ಕಣ್ಣಿಗೆ ಕಾಣುವ ಕೆಲಸ ಗುರುದೀಕ್ಷೆಯ ದಿನದ್ದು. ಅಭ್ಯರ್ಥಿಗಳನ್ನು ಬಿಷಪ್ಪರ ಮುಂದೆ ತಂದು ನಿಲ್ಲಿಸಿ, ಇವರು ಯೋಗ್ಯರು ಎಂದು ಹೇಳುವ ಪಾತ್ರ ಪ್ರಾರ್ಥನಾ ಪುಸ್ತಕದಲ್ಲೇ ಅವರಿಗಿದೆ. ಕಾಣದ ಕೆಲಸವೇ ಹೆಚ್ಚು, ಅದರಲ್ಲೂ ಪ್ಯಾರಿಷ್ ಖಾಲಿಯಾದಾಗ. ರೆಕ್ಟರ್ ಹೋದ ದಿನದಿಂದ ಭಾನುವಾರಗಳಿಗೆ ಯಾರು ಬರುತ್ತಾರೆ ಎಂಬ ಪಟ್ಟಿ ಮಾಡಬೇಕು. ಪಾದ್ರಿಮನೆಯ ಕೀಲಿಕೈ, ದೀಕ್ಷಾಸ್ನಾನ, ಮದುವೆ, ಸಮಾಧಿ ರಿಜಿಸ್ಟರ್‌ಗಳು, ಬೆಳ್ಳಿ ಪಾತ್ರೆಗಳು ಸರಿಯಾಗಿ ಹಸ್ತಾಂತರವಾದವೇ ನೋಡಬೇಕು. ಖಾಲಿ ಮನೆಯ ವಿಮೆ ಜಾರಿಯಲ್ಲಿದೆಯೇ, ಚಳಿಗಾಲಕ್ಕೆ ಮುಂಚೆ ನೀರಿನ ಪೈಪು ಬರಿದು ಮಾಡಿದ್ದಾರೆಯೇ ಎಂಬುದೂ ಇದರಲ್ಲಿ ಸೇರಿದೆ. ಹೆಪ್ಪುಗಟ್ಟಿ ಒಡೆದ ಪೈಪು ವಾರಗಟ್ಟಲೆ ಯಾರೂ ಗಮನಿಸದೆ ಹರಿದರೆ ಮಹಡಿಯ ಹಲಗೆಯೇ ಕುಸಿಯುತ್ತದೆ. ನಂತರ ಕಷ್ಟದ ಪ್ರಶ್ನೆ, ಈ ಪ್ಯಾರಿಷ್‌ಗೆ ಮತ್ತೆ ಪೂರ್ಣಾವಧಿ ರೆಕ್ಟರ್ ಬೇಕೇ, ನೆರೆಯದರ ಜೊತೆ ಸೇರಿಸಬೇಕೇ? ತೀರ್ಮಾನ ಬಿಷಪ್ ಮತ್ತು ಪ್ರಾಂತ್ಯದ ಮಂಡಳಿಯದು. ಜನರ ಸಿಟ್ಟನ್ನು ಎದುರಿಗೆ ಕೂತು ಕೇಳಿಸಿಕೊಳ್ಳುವವರು ಸಾಮಾನ್ಯವಾಗಿ ಆರ್ಚ್‌ಡೀಕನ್.

ಕಟ್ಟಡಗಳ ಪ್ರಾಥಮಿಕ ತಪಾಸಣೆ ರೂರಲ್ ಡೀನ್‌ರದ್ದು, ತೊಡಕಾದದ್ದು ಮೇಲೆ ಬರುತ್ತದೆ. ಹಳೆಯ ಐರಿಷ್ ಚರ್ಚ್‌ಗಳು ಹಾಳಾಗುವ ರೀತಿ ಮೇಲಿಂದ ಮೇಲೆ ಒಂದೇ. ಎಲೆ ತುಂಬಿದ ಗಟಾರದಿಂದ ಮಳೆನೀರು ಉಕ್ಕಿ ಗೋಡೆಯ ತಲೆಗೆ ಇಳಿಯುತ್ತದೆ. ಅಲ್ಲಿಂದ ಛಾವಣಿಯ ತೊಲೆಯ ತುದಿ ಕೊಳೆಯುತ್ತದೆ. ಸುಣ್ಣದ ಗಾರೆಯ ಗೋಡೆಗೆ ಸಿಮೆಂಟ್ ಮೆತ್ತಿದ್ದರೆ ಒಳಹೋದ ನೀರು ಆವಿಯಾಗಲು ದಾರಿಯಿಲ್ಲದೆ ಒಳಗಿನ ಗಾರೆ ಉದುರುತ್ತದೆ. ವರ್ಷಕ್ಕೆ ಎರಡು ಸಲ ಗಟಾರ ತೆಗೆಸುವ ಖರ್ಚು ಅಲ್ಪ, ತೊಲೆ ಬದಲಿಸುವ ಖರ್ಚಿಗೆ ಹತ್ತು ಕುಟುಂಬಗಳ ಸಭೆ ತಲೆ ಎತ್ತಲಾರದು. ದುರಸ್ತಿಗೆ ಅನುಮತಿಯ ದಾರಿಯೂ ಗಡಿಯ ಎರಡು ಕಡೆ ಬೇರೆ. ಐರ್ಲೆಂಡ್ ಗಣರಾಜ್ಯದಲ್ಲಿ ಯೋಜನಾ ಕಾನೂನಿನ ಕೆಳಗೆ ಸಂರಕ್ಷಿತ ಕಟ್ಟಡಗಳ ನಿಯಮ, ಆರಾಧನೆಯ ಅಗತ್ಯಗಳಿಗೆ ಅದರಲ್ಲಿ ವಿಶೇಷ ಗಮನ. ಬ್ರಿಟನ್ನಿಗೆ ಸೇರಿದ ಉತ್ತರ ಐರ್ಲೆಂಡಿನಲ್ಲಿ ಬಳಕೆಯಲ್ಲಿರುವ ಚರ್ಚ್‌ಗಳಿಗೆ ಪಾರಂಪರಿಕ ಕಟ್ಟಡಗಳ ಅನುಮತಿಯಿಂದ ವಿನಾಯಿತಿ. ಕ್ಲೋಹರ್‌ನಂತೆ ಗಡಿಯನ್ನು ದಾಟಿ ಹರಡಿದ ಪ್ರಾಂತ್ಯದಲ್ಲಿ ಎರಡನ್ನೂ ತಿಳಿದಿರಬೇಕು.

ರಿಜಿಸ್ಟರ್‌ಗಳ ಮೇಲಿನ ಕಾಳಜಿಗೆ ನೋವಿನ ಕಾರಣವೊಂದಿದೆ. ಚರ್ಚ್ ಸರ್ಕಾರದಿಂದ ಬೇರ್ಪಟ್ಟ ಮೇಲೆ ಹಳೆಯ ರಿಜಿಸ್ಟರ್‌ಗಳು ಸಾರ್ವಜನಿಕ ದಾಖಲೆಗಳೆಂದು ಘೋಷಿತವಾಗಿ, ದೊಡ್ಡ ಸಂಖ್ಯೆಯಲ್ಲಿ ಡಬ್ಲಿನ್‌ನ ದಾಖಲೆ ಕಚೇರಿಗೆ ಹೋದವು. 1922ರ ಜೂನ್ 30ರಂದು ಅಂತರ್ಯುದ್ಧದ ಸಮಯದಲ್ಲಿ ಫೋರ್ ಕೋರ್ಟ್ಸ್‌ನ ಆ ಕಟ್ಟಡ ಸ್ಫೋಟಗೊಂಡು ಸುಟ್ಟಾಗ ಸುಮಾರು ಒಂದು ಸಾವಿರ ಪ್ಯಾರಿಷ್‌ಗಳ ದಾಖಲೆ ಬೂದಿಯಾಯಿತು. ಊರಲ್ಲೇ ಉಳಿಸಿಕೊಂಡಿದ್ದವರ ಪುಸ್ತಕಗಳು ಬದುಕಿದವು. 19ನೆಯ ಶತಮಾನದಲ್ಲಿ ಕ್ಯಾಶೆಲ್‌ನ ಆರ್ಚ್‌ಡೀಕನ್ ಹೆನ್ರಿ ಕಾಟನ್ ಪ್ರಾಂತ್ಯವಾರು ಬಿಷಪ್, ಡೀನ್, ಆರ್ಚ್‌ಡೀಕನ್‌ಗಳ ಪಟ್ಟಿಯನ್ನು ಸಂಪುಟಗಟ್ಟಲೆ ಸಂಗ್ರಹಿಸದಿದ್ದರೆ ಈ ಹುದ್ದೆಯ ಇತಿಹಾಸದ ಎಷ್ಟೋ ಭಾಗ ಮಾಯವಾಗುತ್ತಿತ್ತು.

ಕಳೆದ ಎರಡು ದಶಕಗಳಲ್ಲಿ ಹೊಸ ಹೊರೆ ಕಾಗದದ್ದು. ಗಣರಾಜ್ಯದ 2009ರ ದತ್ತಿ ಕಾಯ್ದೆ, ಉತ್ತರದ 2008ರ ದತ್ತಿ ಕಾಯ್ದೆ, 2018ರ ಡೇಟಾ ರಕ್ಷಣಾ ನಿಯಮ, ಮಕ್ಕಳ ರಕ್ಷಣೆಯ ಕಟ್ಟುನಿಟ್ಟಿನ ವ್ಯವಸ್ಥೆ. ಇವೆಲ್ಲ ಬೇಕಾದವೇ, ಮಕ್ಕಳ ರಕ್ಷಣೆಯಂತೂ ಯಾವ ರಿಯಾಯಿತಿಗೂ ಎಡೆಯಿಲ್ಲದ ವಿಷಯ. ಆದರೆ ಇಪ್ಪತ್ತು ಮಂದಿ ಸೇರುವ ಸಭೆಯ ವಯಸ್ಸಾದ ಖಜಾಂಚಿಗೆ ವಾರ್ಷಿಕ ವರದಿ ತುಂಬಲು ಗೊತ್ತಾಗದಿದ್ದಾಗ ಫೋನು ಹೋಗುವುದು ಆರ್ಚ್‌ಡೀಕನ್‌ರಿಗೆ.

ತೊಡಕು ಎಲ್ಲಿದೆ

ಸಂಖ್ಯೆಗಳು ಕಠಿಣವಾಗಿವೆ. ಇಂದಿನ ಗಣರಾಜ್ಯದ 26 ಜಿಲ್ಲೆಗಳಲ್ಲಿ 1911ರಲ್ಲಿ ಈ ಚರ್ಚ್‌ನವರು ಸುಮಾರು 2.5 ಲಕ್ಷ, 1926ರಲ್ಲಿ 1.64 ಲಕ್ಷ, 2016ರಲ್ಲಿ 1.26 ಲಕ್ಷ. ಕಟ್ಟಡಗಳು ಅದೇ ಪ್ರಮಾಣದಲ್ಲಿ ಕಡಿಮೆಯಾಗಿಲ್ಲ. ಉಳಿದ ಪಾದ್ರಿಗಳು ಮೂರು, ನಾಲ್ಕು ಚರ್ಚ್‌ಗಳ ಗುಂಪನ್ನು ನೋಡುತ್ತಿರುವಾಗ ಅವರಲ್ಲೊಬ್ಬರಿಗೆ ಆರ್ಚ್‌ಡೀಕನ್ ಕೆಲಸವನ್ನೂ ಕೊಡಲಾಗುತ್ತದೆ.

ಇದರಿಂದ ಮೂರು ರೀತಿಯ ಪೆಟ್ಟು ಬೀಳುತ್ತದೆ. ಮೊದಲನೆಯದು ಅವರ ಸ್ವಂತ ಪ್ಯಾರಿಷ್‌ಗೆ. ಅದರ ರೆಕ್ಟರ್ ಸದಾ ಬೇರೆಯವರ ತೊಂದರೆಯಲ್ಲಿ ಮುಳುಗಿರುತ್ತಾರೆ. ಎರಡನೆಯದು ನ್ಯಾಯದ ಪ್ರಶ್ನೆ. ಸಹೋದ್ಯೋಗಿಯ ಮೇಲೆ ದೂರು ಬಂದಾಗ ಮೊದಲ ಮಾಹಿತಿ ಸಂಗ್ರಹಿಸುವವರೂ, ಆತನಿಗೆ ಕಷ್ಟದಲ್ಲಿ ಆಸರೆಯಾಗಬೇಕಾದವರೂ ಒಬ್ಬರೇ. ನೆರೆಯ ಪ್ಯಾರಿಷ್‌ಗಳನ್ನು ಸೇರಿಸುವ ಚರ್ಚೆ ಬಂದಾಗ ತಮ್ಮ ಪ್ಯಾರಿಷ್‌ನ ಹಿತಾಸಕ್ತಿಯೂ ಮಧ್ಯೆ ಬರುತ್ತದೆ. ಮೂರನೆಯದನ್ನು ಬಹಳ ಜನ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಇತ್ತೀಚೆಗೆ ಹಲವು ಬಿಷಪ್ಪರು ಈ ಹುದ್ದೆಯಿಂದಲೇ ಬಂದಿದ್ದಾರೆ. 2020ರಲ್ಲಿ ಡೌನ್‌ನ ಆರ್ಚ್‌ಡೀಕನ್ ಡೇವಿಡ್ ಮೆಕ್ಲೇ ಡೌನ್ ಮತ್ತು ಡ್ರೊಮೋರ್‌ಗೆ, ಬೆಲ್‌ಫಾಸ್ಟ್‌ನ ಆರ್ಚ್‌ಡೀಕನ್ ಜಾರ್ಜ್ ಡೇವಿಸನ್ ಕಾನರ್‌ಗೆ, 2022ರಲ್ಲಿ ಕಾರ್ಕ್‌ನ ಆರ್ಚ್‌ಡೀಕನ್ ಏಡ್ರಿಯನ್ ವಿಲ್ಕಿನ್ಸನ್ ಕ್ಯಾಶೆಲ್‌ಗೆ. ಹಾಗೆ ಒಬ್ಬರು ಮೇಲೆ ಹೋದಾಗ ಒಂದೇ ದಿನ ಒಂದು ಪ್ಯಾರಿಷ್ ಖಾಲಿಯಾಗುತ್ತದೆ, ಖಾಲಿ ಪ್ಯಾರಿಷ್‌ಗಳನ್ನು ನೋಡಿಕೊಳ್ಳಬೇಕಾದ ಹುದ್ದೆಯೂ ಖಾಲಿಯಾಗುತ್ತದೆ.

ಪರಿಹಾರಗಳಲ್ಲಿ ಒಂದನ್ನು ಕಾರ್ಕ್ ಮಾಡಿ ತೋರಿಸಿದೆ. ಅಲ್ಲಿ ಕಾರ್ಕ್, ಕ್ಲಾಯ್ನ್, ರಾಸ್ ಮೂರಕ್ಕೂ ಈಗ ಒಬ್ಬರೇ ಆರ್ಚ್‌ಡೀಕನ್. ಸ್ಪಷ್ಟತೆ ಬಂತು, ಆದರೆ ಒಬ್ಬರ ಮೇಲೆ ಭಾರವೂ ಬಂತು. ಡಬ್ಲಿನ್‌ನಂತೆ ಎರಡು ಹೆಸರು ಉಳಿಸಿಕೊಂಡು ಭಾರ ಹಂಚುವುದು ಇನ್ನೊಂದು ದಾರಿ. ಇಂಗ್ಲೆಂಡಿನಂತೆ ಪೂರ್ಣಾವಧಿ ಹುದ್ದೆ ಮಾಡಿದರೆ ಸಂಬಳ, ಮನೆ, ಪಿಂಚಣಿಯ ಖರ್ಚನ್ನು ಪ್ಯಾರಿಷ್‌ಗಳು ಪ್ರಾಂತ್ಯಕ್ಕೆ ಕಟ್ಟುವ ವಂತಿಗೆಯಿಂದಲೇ ತೆಗೆಯಬೇಕು. ಪಶ್ಚಿಮದ ಚಿಕ್ಕ ಪ್ಯಾರಿಷ್‌ಗಳಿಗೆ ಅದು ಕಷ್ಟ.

ಭಾರತಕ್ಕೂ ಈ ಹುದ್ದೆ ಬಂದಿತ್ತು. 1813ರ ಚಾರ್ಟರ್ ಕಾಯ್ದೆ ಕಂಪನಿ ಆಳ್ವಿಕೆಯ ಇಡೀ ಪ್ರದೇಶಕ್ಕೆ ಕಲ್ಕತ್ತೆಯಲ್ಲಿ ಒಬ್ಬ ಬಿಷಪ್ಪರನ್ನು, ಕಲ್ಕತ್ತ, ಮದ್ರಾಸ್, ಬೊಂಬಾಯಿಗೆ ಮೂವರು ಆರ್ಚ್‌ಡೀಕನ್‌ಗಳನ್ನು ಕೊಟ್ಟಿತು. ಅಷ್ಟು ವಿಶಾಲ ನೆಲದಲ್ಲಿ ಬಿಷಪ್ ಬರುವುದೇ ಅಪರೂಪವಾದ್ದರಿಂದ ಆರ್ಚ್‌ಡೀಕನ್‌ಗಳು ಅದೇ ಕೆಲಸಕ್ಕೆಂದು ನೇಮಕವಾದ ಅಧಿಕಾರಿಗಳಾಗಿದ್ದರು. ದೂರ ಹೆಚ್ಚಿದಾಗ ಈ ಹುದ್ದೆಗೆ ಸಮಯ ಬೇಕು ಎಂಬುದನ್ನು ಆಗಲೇ ಒಪ್ಪಿಕೊಂಡಿದ್ದರು.

ಟೂಅಮ್‌ನಂಥ ಪ್ರಾಂತ್ಯಕ್ಕೆ ನನಗೆ ಸರಿಯೆನಿಸುವುದು ನಡುದಾರಿ. ಆರ್ಚ್‌ಡೀಕನ್‌ಗೆ ಚಿಕ್ಕದೊಂದು ಪ್ಯಾರಿಷ್ ಇರಲಿ, ಬಲಿಪೀಠದಿಂದ ದೂರವಾದ ಆಡಳಿತಗಾರರಾಗುವುದು ಬೇಡ. ವಾರದ ಅರ್ಧದಷ್ಟು ಸಮಯ ಪ್ರಾಂತ್ಯಕ್ಕೆ ಮೀಸಲು ಎಂದು ನೇಮಕ ಪತ್ರದಲ್ಲೇ ಬರೆಯಲಿ, ಆ ಪ್ಯಾರಿಷ್‌ಗೆ ಸಹಾಯಕ ಪಾದ್ರಿಯೊಬ್ಬರ ಸಂಬಳವನ್ನು ಪ್ರಾಂತ್ಯ ಕೊಡಲಿ. ದತ್ತಿ ವರದಿ, ವಿಮೆ, ಕಟ್ಟಡದ ಕಡತಗಳು ಸಂಬಳದ ಕಚೇರಿ ಸಿಬ್ಬಂದಿಗೆ ಹೋಗಲಿ. ದೂರುಗಳ ಮೊದಲ ವಿಚಾರಣೆ ಬೇರೆ ಪ್ರಾಂತ್ಯದವರ ಕೈಯಲ್ಲಿರಲಿ, ಆಗ ಆರ್ಚ್‌ಡೀಕನ್ ಸಂಕಟದಲ್ಲಿರುವ ಪಾದ್ರಿಯ ಮನೆ ಬಾಗಿಲು ತಟ್ಟಬಹುದು. ಅವಧಿ ಏಳು ವರ್ಷವೆಂದು ಗೊತ್ತುಮಾಡಿದರೆ ಮುಂದಿನವರನ್ನು ತಯಾರು ಮಾಡಲು ಬಿಷಪ್ಪರಿಗೂ ಕಾಲಾವಕಾಶ ಸಿಗುತ್ತದೆ. ಇದರಲ್ಲಿ ಬಹುಪಾಲನ್ನು ನೇಮಕ ಮಾಡುವ ಬಿಷಪ್ ಮತ್ತು ಹಣ ಒಪ್ಪಬೇಕಾದ ಪ್ರಾಂತ್ಯದ ಮಂಡಳಿ ಸೇರಿಯೇ ಶುರು ಮಾಡಬಹುದು.